ಅತ್ತೆಯ ಕೈ ಎತ್ತರ

ಮನೆಯಿಂದ,
ಹದಿನಾಲ್ಕನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅತ್ತೆಯವರಿಗೆ,

ಸೊಂಟದ ನೋವು ಹೇಗಿದೆ? ಡಾಕ್ಟರು ಹೇಳಿದಂತೆ ಬೆಳಿಗ್ಗೆ ಸಂಜೆ ನಡೆಯುತ್ತಿದ್ದೀರಾ, ಇಲ್ಲ ನಾದಿನಿ ಆಫೀಸಿಗೆ ಹೊರಟ ಕೂಡಲೇ ಕುರ್ಚಿಗೆ ಅಂಟಿಕೊಂಡು, ಅವಳು ಬಂದಮೇಲೆ 'ನಡೆದೆ ಕಣೆ, ಕಾಲೆಲ್ಲ ನೋವು' ಎನ್ನುತ್ತಿದ್ದೀರಾ? ಆ ವಿಷಯದಲ್ಲಿ ನನಗೆ ನಿಮ್ಮ ಮೇಲೆ ಕವಡೆಯಷ್ಟೂ ನಂಬಿಕೆ ಇಲ್ಲ. ಮಾತ್ರೆ ತಪ್ಪಿಸಬೇಡಿ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಪುಟ್ಟಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ. 'ಈಗ ನಾನೂ ಅಜ್ಜಿನೂ ಸಮ' ಎಂದು ಬೀದಿಗೆಲ್ಲ ಸಾರಿಕೊಂಡು ಬಂದಿದ್ದಾಳೆ. ನಿಮ್ಮ ಮಗ ಎಂದಿನಂತೆಯೇ ಇದ್ದಾರೆ, ಹತ್ತು ಮಾತು ಕೇಳಿದರೆ ಅರ್ಧ ಮಾತು ಆಡುತ್ತಾರೆ.

ಫೋನ್ ಇರುವಾಗ ಇವಳಿಗೇನು ಬಂತು ಕಾಗದ ಬರೆಯುವ ಹುಚ್ಚು ಎಂದುಕೊಳ್ಳಬೇಡಿ. ಫೋನಿನಲ್ಲಿ ನಾನು ಏನು ಹೇಳಹೊರಟರೂ ನೀವು 'ಹೂಂ' ಎನ್ನುತ್ತೀರಿ, ಆಮೇಲೆ 'ಇಡ್ತೀನಮ್ಮ, ನಿಂಗೆ ಡ್ಯೂಟಿಗೆ ಹೊತ್ತಾಯ್ತು' ಎಂದು ಜಾರಿಕೊಳ್ಳುತ್ತೀರಿ. ಕಾಗದಕ್ಕಾದರೆ ನೀವು ಹಾಗೆ ಮಧ್ಯೆ ಬಾಯಿ ಹಾಕುವಂತಿಲ್ಲ. ಅಕ್ಷರ ವಕ್ರವಾಗಿದ್ದರೆ ಬೈಯಬೇಡಿ. ಓಡುವ ಬಸ್ಸಿನಲ್ಲಿ ನಿಂತು ಬರೆದೂ ಬರೆದೂ ಕಂಡಕ್ಟರುಗಳ ಕೈ ಹೀಗೇ ಆಗಿಬಿಡುತ್ತದೆ, ಕುರ್ಚಿಯಲ್ಲಿ ಕೂತು ಬರೆದರೂ ಅಕ್ಷರಗಳು ಕುಲುಕುತ್ತವೆ.

ಮನೆ ಮಾರಿಬಿಡಿ ಎಂದು ಹೇಳಿ ನೀವು ಮಗಳ ಮನೆಗೆ ಹೋದಿರಲ್ಲ, ಆ ಮಾತು ನನ್ನ ತಲೆಯಲ್ಲಿ ಕೊರೆಯುತ್ತಲೇ ಇದೆ. ನೀವು ಬಿದ್ದ ದಿನ ನಾಲ್ಕು ಜನ ನಿಮ್ಮನ್ನು ಕುರ್ಚಿಯಲ್ಲಿ ಕೂರಿಸಿ ಬೀದಿಯ ಮೇಲ್ತುದಿಯ ನಮ್ಮ ಮನೆಯಿಂದ ಕೆಳಗಿನ ರಸ್ತೆಯವರೆಗೆ ಬೀದಿಯುದ್ದಕ್ಕೂ ಮೆಟ್ಟಿಲಿಳಿಸಿಕೊಂಡು ಹೋದರಲ್ಲ, ನೋವಿಗಿಂತ ಅದೇ ನಿಮ್ಮನ್ನು ಹೆಚ್ಚು ನೋಯಿಸಿದ್ದು ಎಂದು ನನಗೆ ಗೊತ್ತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಿರಿ. ಆಮೇಲೆ ಆಸ್ಪತ್ರೆಯಲ್ಲಿ 'ನಾನೇನು ಬೀರುವಾ, ನಾಲ್ಕು ಜನ ಹೊತ್ಕೊಂಡು ಹತ್ಸೋಕೆ? ಆ ಮೆಟ್ಟಿಲು ನಂಗಿನ್ನು ಆಗಲ್ಲ, ಮಾರ್ಬಿಡಿ' ಎಂದಿರಿ. ನಿಮ್ಮ ಮಗ ತಾಯಿಯ ಮಾತು ಮೀರುವವರಲ್ಲ. ಬ್ರೋಕರನಿಗೆ ಹೇಳಿದರು. ಹೋದ ತಿಂಗಳು ಮನೆ ನೋಡಲು ಒಬ್ಬ ಗಂಡ ಹೆಂಡತಿ ಬರುತ್ತಾರೆ ಎಂದಾಯಿತು.

ಈ ಸುದ್ದಿ ನಲ್ಲಿಯ ಹತ್ತಿರ ಟೈಲರಕ್ಕನ ಕಿವಿಗೆ ಬಿದ್ದದ್ದೇ ತಡ, ಬೀದಿಗೆ ಬೀದಿಯೇ ಸೇರಿ ಸಂಚು ಹೂಡಿತು. ಬಂದವರು ಹೇಗೂ ಅಕ್ಕಪಕ್ಕದವರನ್ನು 'ಇಲ್ಲಿ ವಾಸಕ್ಕೆ ಹೇಗೆ?' ಎಂದು ಕೇಳುತ್ತಾರೆ. ಕೇಳಿದಾಗ ಬಾಯಿಗೆ ಬಂದಂತೆ ಬೀದಿಯನ್ನು ಬೈಯುವುದು, ಅವರು ಹೆದರಿ ಕಾಲು ಕೀಳಬೇಕು. ಅಂಗಡಿಯಣ್ಣ ಮೆಟ್ಟಿಲನ್ನು ಬೈಯುವುದು, ಟೈಲರಕ್ಕ ಜನರನ್ನು ಬೈಯುವುದು, ರಿಟೈರ್ಡ್ ಮೇಷ್ಟ್ರು ಗಲಾಟೆಯನ್ನು ಬೈಯುವುದು ಎಂದು ಪಾಲೂ ಹಂಚಿಕೊಂಡರು. ನನಗೆ ಒಳಗೊಳಗೇ ಖುಷಿ. ಬೈಯುವುದರಲ್ಲಿ ನಮ್ಮವರನ್ನು ಮೀರಿಸುವವರು ಯಾರಿದ್ದಾರೆ?

ಆದದ್ದೇನು ಕೇಳಿ. ಅಂಗಡಿಯಣ್ಣ ಚೆನ್ನಾಗಿಯೇ ಶುರುಮಾಡಿದ. 'ಇದೇನ್ ಬೀದಿ ಸಾರ್, ಸೈಕಲ್ಲೂ ಬರಲ್ಲ, ಒಂದು ಮೂಟೆ ಮೇಲೆ ಹೋಗ್ಬೇಕಂದ್ರೆ ಬೆನ್ನು ಮುರಿಯುತ್ತೆ' ಎಂದ. ಅಲ್ಲಿಗೆ ಬಾಯಿ ಮುಚ್ಚಬಾರದೇ? ಬಂದಾತ ಮರುಕದಿಂದ 'ಪಾಪ, ನೀವೊಬ್ಬರೇ ಹೊರ್ತೀರಾ?' ಎಂದುಬಿಟ್ಟ. ಇವನಿಗೆ ಅವಮಾನವಾಯಿತು. 'ಒಬ್ನೇ ಯಾಕೆ ಹೊರ್ಲಿ? ಇಲ್ಲಿಂದ ಒಂದು ಕೂಗು ಹಾಕಿದ್ರೆ ಸಾಕು, ಮನೆಮನೆಯಿಂದ ಒಬ್ಬೊಬ್ರು ಬಂದು ನಿಲ್ತಾರೆ, ಕೈಯಿಂದ ಕೈಗೆ ಹೋಗಿ ಮೂಟೆ ಮೇಲೆ ಮುಟ್ಟುತ್ತೆ' ಎಂದು ಎದೆಯುಬ್ಬಿಸಿಕೊಂಡು ಹೇಳಿದ. ಟೈಲರಕ್ಕ ಕಿಟಕಿಯಿಂದ ಅವನನ್ನು ಸುಟ್ಟುಬಿಡುವಂತೆ ನೋಡಿದಳು. ತಾನಾದರೂ ಕೆಲಸ ಕೆಡಿಸಬಾರದೆಂದು 'ಇಲ್ಲಿ ಗುಟ್ಟು ಅನ್ನೋದೇ ಇಲ್ಲಮ್ಮ, ನಾನು ಕೆಮ್ಮಿದ್ರೆ ಎದುರುಮನೆಯವರಿಗೆ ಕೇಳುತ್ತೆ' ಎಂದಳು. ಅಷ್ಟಕ್ಕೆ ಮಿಷನ್ ತುಳಿಯುತ್ತಾ ಕೂತಿದ್ದರೆ ಆಗುತ್ತಿತ್ತು. 'ಕೇಳಿದ ಕೂಡ್ಲೇ ಬಿಸಿನೀರು ತಂದು ನಿಲ್ತಾರೆ. ನಮ್ಮನೆಯವ್ರು ಹೋದಾಗ ಒಂದಿಡೀ ತಿಂಗಳು ನಂಗೆ ಒಲೆ ಹಚ್ಚೋಕೆ ಬಿಡ್ಲಿಲ್ಲ ಈ ಜನ' ಎಂದು ಹೇಳುತ್ತಾ ಹೇಳುತ್ತಾ ಅಳತೆ ಟೇಪಿನಲ್ಲೇ ಕಣ್ಣೊರೆಸಿಕೊಂಡಳು. ಬಂದಿದ್ದ ಹೆಂಗಸಿನ ಕಣ್ಣೂ ತುಂಬಿತು. ಕೊನೆಯ ಆಸೆ ಮೇಷ್ಟ್ರದ್ದು. 'ಮಕ್ಕಳ ಗಲಾಟೆಗೆ ಮಧ್ಯಾಹ್ನ ಕಣ್ಣು ಮುಚ್ಚೋ ಹಾಗಿಲ್ಲ' ಎಂದು ಮುಖ ಗಂಟಿಕ್ಕಿ ಹೇಳಿದರು. ಅದೇ ಹೊತ್ತಿಗೆ ನಮ್ಮ ಪುಟ್ಟಿ ಮತ್ತು ಅವಳ ದಂಡು, ದೊಡ್ಡವರು ಬಂದಿದ್ದಾರೆಂದು ಸದ್ದಡಗಿಸಿ ನಿಂತವು. ಮೇಷ್ಟ್ರಿಗೆ ತಳಮಳ. ಮಾತು ಅಲ್ಲಿಗೇ ಬಿಟ್ಟು 'ಯಾಕೆ, ಏನಾಯ್ತು, ಯಾರಾದ್ರೂ ಬಿದ್ರಾ?' ಎಂದು ಚಪ್ಪಲಿಯಿಲ್ಲದೆ ಹೊರಗೋಡಿದರು. ಮುಗಿಯಿತಲ್ಲ! ಬಂದವರು 'ಇಂಥ ಬೀದಿ ಎಲ್ಲಿ ಸಿಗುತ್ತೆ, ನಮ್ಗೆ ಈ ಮನೆನೇ ಬೇಕು' ಎಂದು ಪಟ್ಟು ಹಿಡಿದು ಕೂತರು. ಮುಂದಿನ ಭಾನುವಾರ ಕೊನೆಯ ಮಾತು ಕೇಳಲು ಬರುತ್ತಾರೆ.

ಅತ್ತೆ, ನನಗೆ ಆ ದಿನ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ಈ ಬೀದಿ ಕಂಡರೆ ಆಗುತ್ತಿರಲಿಲ್ಲ. ದಿನವಿಡೀ ಬಸ್ಸಿನಲ್ಲಿ ನಿಂತು ಬಂದು ಮತ್ತೆ ಮೆಟ್ಟಿಲು ಹತ್ತುವಾಗ ಬೀದಿ ಕಟ್ಟಿದವನಿಗೆ ಮನಸಾರೆ ಶಾಪ ಹಾಕುತ್ತಿದ್ದೆ. ಈಗಲೂ ಮೆಟ್ಟಿಲುಗಳ ಮೇಲೆ ನನಗೇನೂ ಪ್ರೀತಿಯಿಲ್ಲ. ಆದರೆ ಈ ಜನ! ಬೈಯುತ್ತೇವೆಂದು ನಿರ್ಧರಿಸಿ ಕೂತರೂ ಬೈಯಲು ಬಾರದ ಜನ. ಇವರ ನಡುವೆ ಇರುವುದು ನನ್ನ ಅದೃಷ್ಟ ಎಂದು ನಾನು ಯಾರ ಮುಂದೆಯೂ ಹೇಳಿಲ್ಲ. ನಿಮ್ಮ ಮುಂದೆ ಹೇಳುತ್ತಿದ್ದೇನೆ.

ಅಂದು ಸಂಜೆ ಎಲ್ಲರೂ ಜೋಲುಮೋರೆ ಹಾಕಿಕೊಂಡು ಟೈಲರಕ್ಕನ ಕಿಟಕಿಯ ಕೆಳಗೆ ಮೆಟ್ಟಿಲ ಮೇಲೆ ಕೂತಿದ್ದಾಗ ವೆಲ್ಡರ್ ಬಾಯಿ ಬಿಟ್ಟ. ನಿಮ್ಮ ಕುರ್ಚಿಯ ಮುಂದಿನ ಕಾಲು ಹಿಡಿದಿದ್ದವನು ಅವನೇ. 'ಬಂದವ್ರನ್ನ ಓಡಿಸಿ ಏನು ಮಾಡ್ತೀರಿ? ಇವತ್ತು ಇವ್ರು, ನಾಳೆ ಇನ್ನೊಬ್ರು. ಕೈಗೆ ಆಸರೆ ಇದ್ರೆ ಅಮ್ಮ ನಿಧಾನಕ್ಕೆ ಹತ್ತಬಹುದು ಅಂತ ಡಾಕ್ಟ್ರು ಹೇಳಿದಾರೆ, ನಾನೇ ಕೇಳಿದೀನಿ. ಕಂಬಿ ಹಾಕೋಣ' ಎಂದ. ಎಲ್ಲರೂ ಒಟ್ಟಿಗೇ ಮಾತಾಡಿದರು. ಅರ್ಜಿ ಹಾಕಿ ಕಾಯುತ್ತಾ ಕೂತರೆ ಪುಟ್ಟಿ ಅಜ್ಜಿಯಾದಮೇಲೆ ಕಂಬಿ ಬಂದೀತು ಎಂದು ಮೇಷ್ಟ್ರು ಹೇಳಿದರು. ಹಾಗಾಗಿ ಅವರವರ ಮನೆಯ ಮುಂದಿನದ್ದನ್ನು ಅವರವರೇ ಹಾಕುವುದು, ನಿಮ್ಮ ಕೈಗೆ ಎಟುಕುವ ಎತ್ತರಕ್ಕೆ ಹಾಕುವುದು, ಎಲ್ಲವನ್ನೂ ವೆಲ್ಡರ್ ಕೊನೆಗೆ ಸೇರಿಸಿ ಒಂದು ಮಾಡುವುದು ಎಂದು ತೀರ್ಮಾನವಾಯಿತು.

ಆ ತೀರ್ಮಾನ ಮಾಡುವಾಗ ಎತ್ತರ ಎಷ್ಟೆಂದು ಯಾರೂ ಅಳೆಯಲಿಲ್ಲ ನೋಡಿ! ಎಲ್ಲರಿಗೂ ಗೊತ್ತೇ ಇದೆಯಲ್ಲ ಎಂದು ಎಲ್ಲರೂ ಅಂದುಕೊಂಡರು. ಅಂಗಡಿಯಣ್ಣ ಹಳೆಯ ನೀರಿನ ಪೈಪನ್ನು ಸೊಂಟದ ಎತ್ತರಕ್ಕೆ ನೆಟ್ಟ. ಟೈಲರಕ್ಕ ತನ್ನ ಮಂಚದ ಕಂಬಿ ಬಿಚ್ಚಿಸಿ ಎದೆಯ ಎತ್ತರಕ್ಕೆ ಹಾಕಿಸಿದಳು. ಪಾಪ, ಈಗ ನೆಲದ ಮೇಲೆ ಮಲಗುತ್ತಾಳೆ, ಬೆನ್ನಿಗೆ ಒಳ್ಳೆಯದು ಅನ್ನುತ್ತಾಳೆ. ಮೇಷ್ಟ್ರು ಶಾಲೆಯವರು ಎಸೆದ ಬೆಂಚಿನ ಹಲಗೆಯನ್ನು ಅದರ ಕಬ್ಬಿಣದ ಚೌಕಟ್ಟಿನ ಸಮೇತ ತಂದು ಉಜ್ಜಿ ಉಜ್ಜಿ ನುಣುಪು ಮಾಡಿ ಮೊಣಕಾಲಿಗಿಂತ ಗೇಣು ಮೇಲೆ ಕೂರಿಸಿದರು. ಸೇರಿಸಲು ಬಂದ ವೆಲ್ಡರ್ ತಲೆ ಮೇಲೆ ಕೈ ಹೊತ್ತುಕೊಂಡ. 'ಇದೇನ್ ಕಂಬಿನಾ, ಜಾರುಬಂಡೆನಾ?' ಎಂದು ಕೂಗಾಡಿದ. ಒಬ್ಬರೂ ಒಂದು ಬೆರಳಿನಷ್ಟೂ ತಗ್ಗಲು ಒಪ್ಪಲಿಲ್ಲ. ಕಂಬಿ ಹಿಡಿಯುವ ವಿಷಯ ಬಸ್ಸಿನವಳಿಗೆ ಗೊತ್ತಿರಬೇಕೆಂದು ನ್ಯಾಯ ಹೇಳಲು ನನ್ನನ್ನು ಕರೆದರು.

ಆಗ ಒಬ್ಬೊಬ್ಬರೂ ತಮ್ಮ ಸಾಕ್ಷಿ ಹೇಳಿದರು ಅತ್ತೆ. ನೀವು ಬೆಳಿಗ್ಗೆ ತರಕಾರಿ ತಂದು ಹತ್ತುವಾಗ ಅಂಗಡಿಯ ಮುಂದೆ ನಿಂತು ತಕ್ಕಡಿಯ ಮೇಜಿಗೆ ಕೈ ಊರಿ ಬೆಲೆ ಕೇಳುತ್ತಿದ್ದಿರಂತೆ, ಏನೂ ಕೊಳ್ಳುತ್ತಿರಲಿಲ್ಲವಂತೆ. ಆ ಮೇಜಿನ ಎತ್ತರಕ್ಕೇ ಅವನ ಪೈಪು. ಟೈಲರಕ್ಕನ ಕಿಟಕಿಯ ಸರಳು ಹಿಡಿದು ಅವಳು ಹೊಲಿಯುವ ರವಿಕೆಯ ಬಣ್ಣ ಹೊಗಳುತ್ತಿದ್ದಿರಂತೆ, ಕಪ್ಪು ಬಟ್ಟೆಯಿದ್ದರೂ ಹೊಗಳುತ್ತಿದ್ದಿರಂತೆ. ಮೇಷ್ಟ್ರ ಮನೆಯ ಹತ್ತಿರ ಬರುವಷ್ಟರಲ್ಲಿ ಕಾಲು ಸೋತು, ಅವರ ಮೋಟುಗೋಡೆಗೆ ಕೈ ಕೊಟ್ಟು ಅರ್ಧ ಕೂತು, ಹೂವಿನ ಕುಂಡ ನೋಡುವ ನೆಪ ಮಾಡುತ್ತಿದ್ದಿರಂತೆ. 'ನನ್ನ ಕುಂಡದಲ್ಲಿ ಹೂ ಬಿಟ್ಟು ಎರಡು ವರ್ಷ ಆಯ್ತು, ಆದ್ರೂ ಅವ್ರು ನೋಡ್ತಿದ್ರು. ಅದಕ್ಕೇ ಕುಂಡ ತೆಗೀಲಿಲ್ಲ' ಎಂದರು ಮೇಷ್ಟ್ರು. ನೀವು ಮಾತಿಗೆ ನಿಲ್ಲುವುದಲ್ಲ, ಉಸಿರಿಗೆ ನಿಲ್ಲುವುದು ಎಂದು ಇಡೀ ಬೀದಿಗೆ ಗೊತ್ತಿತ್ತು. ನಿಮಗೆ ಮುಜುಗರವಾದೀತೆಂದು ಯಾರೂ ತೋರಗೊಟ್ಟಿರಲಿಲ್ಲ. ಒಬ್ಬೊಬ್ಬರೂ ನಿಮಗೆಂದು ದಿನಾ ಮಾತು ಸಿದ್ಧಮಾಡಿಕೊಂಡು ಕಾಯುತ್ತಿದ್ದರು.

ನಾನು ಕೆಳಗಿನಿಂದ ಕಣ್ಣು ಮುಚ್ಚಿ ಕಂಬಿ ಹಿಡಿದು ಹತ್ತಿದೆ. ಕೈ ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ, ಪೈಪಿನಿಂದ ಮಂಚಕ್ಕೆ, ಮಂಚದಿಂದ ಬೆಂಚಿಗೆ. ಯಾರದ್ದೂ ತಪ್ಪಿಲ್ಲ, ಹಾಗೇ ಸೇರಿಸು ಎಂದೆ. ವೆಲ್ಡರ್ ಗೊಣಗುತ್ತಲೇ ಬಗ್ಗಿಸಿ ಬಗ್ಗಿಸಿ ಬೆಸೆದ. ಇಂಥ ಕೆಟ್ಟ ಕೆಲಸ ತಾನು ಜನ್ಮದಲ್ಲಿ ಮಾಡಿಲ್ಲವಂತೆ, ಯಾರು ಮಾಡಿದ್ದೆಂದು ಯಾರಿಗೂ ಹೇಳಬಾರದಂತೆ. ಆದರೆ ಹೋಗುವಾಗ ಬರುವಾಗ ಅದರ ಮೇಲೆ ಕೈಯಾಡಿಸಿಕೊಂಡು ಹೋಗುತ್ತಾನೆ. ನಿಮ್ಮ ಮಗ ಎರಡು ಸಂಜೆ ಮರಳುಕಾಗದ ಹಿಡಿದು, ಅಂಗಡಿಯಿಂದ ನಮ್ಮ ಪಕ್ಕದ ಮನೆಯವರೆಗೆ, ಎಲ್ಲೂ ಕೈಗೆ ಚುಚ್ಚದಂತೆ ಉಜ್ಜಿದರು. ಮನೆ ಮಾರುವ ಮಾತೆತ್ತಿದರೆ ಮಾತ್ರ 'ಅಮ್ಮ ಮಾರು ಅಂದ್ರು, ಬೇಡ ಅಂತಾನೂ ಅಮ್ಮನೇ ಹೇಳ್ಲಿ' ಎನ್ನುತ್ತಾರೆ. ನನಗೆ ಸಿಟ್ಟು ಬರುತ್ತದೆ, ಆದರೆ ಅವರು ಹೇಳುವುದೂ ಸರಿಯೇ. ಭಾನುವಾರದೊಳಗೆ ನಿಮ್ಮ ಮಗನಿಗೆ ಫೋನ್ ಮಾಡಿ. ಹೂಂ ಎನ್ನಬೇಡಿ, ಬಾಯಿಬಿಟ್ಟು ಬೇಡ ಎನ್ನಿ. ಮನೆಯನ್ನು ಬಿಟ್ಟುಕೊಟ್ಟು ನಮ್ಮನ್ನು ಹಗುರ ಮಾಡುತ್ತಿದ್ದೇನೆಂದು ನೀವು ಅಂದುಕೊಂಡಿದ್ದೀರಿ. ನೀವಿಲ್ಲದ ಮನೆ ಹಗುರವಾಗಿಲ್ಲ, ಬಣಗುಡುತ್ತಿದೆ.

ನಾದಿನಿಗೂ ಅವಳ ಯಜಮಾನರಿಗೂ ನಮ್ಮ ನೆನಪು ಹೇಳಿ. ಅಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿರುವವಳ ಕೈಯಿಂದ ನಿಮ್ಮನ್ನು ಕಿತ್ತುಕೊಳ್ಳುತ್ತಿದ್ದೇನೆ, ನನ್ನ ಮೇಲೆ ಮುನಿಸಿಕೊಳ್ಳಬೇಡ ಎಂದೂ ಹೇಳಿ. ಪುಟ್ಟಿ ನಿಮಗೊಂದು ಮುತ್ತು ಕಳಿಸಿದ್ದಾಳೆ, ಹಲ್ಲಿಲ್ಲದ್ದು. ಬೀದಿಯವರ ನಮಸ್ಕಾರಗಳನ್ನು ಬರೆಯುತ್ತಾ ಹೋದರೆ ಕಾಗದ ಸಾಲದು. ನಿಮ್ಮ ಆಶೀರ್ವಾದವನ್ನು ಅಂಚೆಯಲ್ಲಿ ಕಳಿಸಬೇಡಿ, ನೀವೇ ಬಂದು ಮಾಡಿ.

ನಿಮ್ಮ ಸೊಸೆ

ತಾ.ಕ.: ಹೇಳಬೇಕಾದದ್ದನ್ನೇ ಬಿಟ್ಟೆ. ಬಸ್ಸಿಗೆ ಹೊತ್ತಾಗಿದೆ, ಬೇಗ ಬರೆಯುತ್ತೇನೆ. ನಮ್ಮ ಬಾಗಿಲ ಮುಂದಿನ ಕೊನೆಯ ಮೆಟ್ಟಿಲುಗಳಿಗೆ ಇನ್ನೂ ಕಂಬಿ ಹಾಕಿಲ್ಲ. ವೆಲ್ಡರ್ ಪೈಪು ಹಿಡಿದು 'ಇಲ್ಲಿ ಎಷ್ಟೆತ್ತರಕ್ಕೆ ಅಕ್ಕಾ?' ಎಂದ. ನನಗೆ ಗೊತ್ತಾಗಲಿಲ್ಲ. ನಿಮ್ಮ ಮಗನ ಮುಖ ನೋಡಿದೆ, ಅವರಿಗೂ ಗೊತ್ತಿಲ್ಲ. ಎಲ್ಲರ ಬಾಗಿಲಲ್ಲೂ ಹಿಡಿದು ನಿಂತ ನೀವು ನಮ್ಮ ಬಾಗಿಲಲ್ಲಿ ಒಂದು ದಿನವೂ ನಿಲ್ಲಲಿಲ್ಲ. ದಣಿವು ನಮಗೆ ಕಾಣಬಾರದೆಂದು ಚೀಲ ಹಿಡಿದು ನೆಟ್ಟಗೆ ಒಳಗೆ ಬಂದು 'ಟೀ ಇಡ್ಲೇನಮ್ಮಾ?' ಎನ್ನುತ್ತಿದ್ದಿರಿ. ಪೈಪನ್ನು ಗೋಡೆಗೆ ಒರಗಿಸಿಟ್ಟಿದ್ದೇನೆ. ಬಂದು ಕೈ ಎಲ್ಲಿಗೆ ಬರುತ್ತದೆಂದು ತೋರಿಸಿ, ಗುರುತು ಹಾಕಿಕೊಳ್ಳುತ್ತೇನೆ. ಅಂದು ಆ ಮೆಟ್ಟಿಲುಗಳಲ್ಲಿ ನನ್ನ ಭುಜ ಹಿಡಿಯಿರಿ. ನಿಮಗೆ ಎಷ್ಟೆತ್ತರ ಬೇಕೋ ಅಷ್ಟಕ್ಕೆ ಬಗ್ಗುತ್ತೇನೆ.