ಟ್ರ್ಯಾಲಿಯ ನಡುವಿನ ಹೊಟ್ಟು

ಸೊಲ್ಲಾಪುರ ರಸ್ತೆ, ವಿಜಯಪುರ
ಶುಕ್ರವಾರ, ೧೪ ನವೆಂಬರ್ ೨೦೨೫

ಅವ್ವಾ,

ಎರಡು ದಿನದಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ಅದಕ್ಕೇ ಜೈನಾಪುರಕ್ಕೆ ಹೊರಟ ಟ್ರ್ಯಾಕ್ಟರ್ ಚಾಲಕನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಹರಿಯುವುದಾದರೆ ಓದಿದ ಮೇಲೆ ಹರಿ.

ಬುಧವಾರ ನೀನೂ ಅಕ್ಕನಾಗಮ್ಮ ಚಿಗವ್ವನೂ ಶೇಂಗಾ ಹೊಟ್ಟಿನ ಮೇಲೆ ಕುಳಿತು ನಮ್ಮ ಉರುವಲು ಪೆಲೆಟ್ ಕಾರ್ಖಾನೆಯ ಗೇಟಿಗೆ ಬಂದಿರಿ. ನಿಮ್ಮ ಸಂಘದ ಮೊದಲ ಟ್ರ್ಯಾಲಿ. ಬಂದ ಮಾಲು ಹಸಿಯೋ ಒಣಗಿದೆಯೋ ನೋಡುವ ಕೆಲಸ ಮಗಳದ್ದೇ ಎಂದು ನೀನು ನಗುತ್ತಿದ್ದೆ. ಮೇಲೆ ತೇವದ ಮೀಟರ್ ಚುಚ್ಚಿದಾಗ ಒಂಬತ್ತು ತೋರಿಸಿತು. ತೋಳುದ್ದ ಒಳಗೆ ಚುಚ್ಚಿದೆ, ಇಪ್ಪತ್ತೆರಡು. ಹನ್ನೆರಡು ದಾಟಿದರೆ ಹಸಿ.

"ನೀರ ಹೊಡದ ತೂಕಾ ಏರಸೀರಿ, ಹೌದಲ್ಲ?" ಎಂದು ನಾನು ಎಲ್ಲರ ಮುಂದೆ ಕೂಗಿದೆ. ಚಿಗವ್ವ ಬಿಡಲಿಲ್ಲ. "ನಿಮ್ಮವ್ವನ ಹಾಲಿನ್ಯಾಗೂ ಮೀಟರ ಅದ್ದಿ ನೋಡಿದ್ದೇನ ಬೇ ನೀ?" ಅಂದಳು. ಹಮಾಲರು ನಕ್ಕರು. ನೀನು ಮಾತ್ರ ಸೆರಗಿನಿಂದ ಮುಖ ಒರೆಸಿಕೊಂಡು ಟ್ರ್ಯಾಕ್ಟರ್ ತಿರುಗಿಸಲು ಹೇಳಿದೆ.

ನಿನ್ನೆ ನಿಮ್ಮ ಟ್ರ್ಯಾಕ್ಟರ್ ಚಾಲಕ ಸಿಕ್ಕಿದ್ದ. "ಹಿಂದ ಬರೂ ಗಾಡಿಯವರ ಕಣ್ಣಾಗ ಹೊಟ್ಟ ಹಾರಬಾರ್ದಂತ ತುಂಬೂ ಮುಂದ ನೀರ ಚಿಮುಕಿಸ್ಯಾರ. ಮ್ಯಾಲಿಂದು ಗಾಳಿಗೆ ಆರೇತಿ. ನಿಮ್ಮವ್ವ ಕಳ್ಳಿ ಅಲ್ಲ ತಂಗೀ" ಅಂದ. ಅಂಗಳ ಗುಡಿಸುವ ಮೊದಲು ನೀನು ನೀರು ಚಿಮುಕಿಸುವುದನ್ನು ಹುಟ್ಟಿದಾಗಿನಿಂದ ನೋಡಿದವಳು ನಾನು. ಅದು ಹೊಳೆಯಲಿಲ್ಲ, ಕಳ್ಳತನ ಹೊಳೆಯಿತು. ತಪ್ಪಾಯಿತು ಅವ್ವಾ.

ಆದರೆ ಲೋಡು ತಿರುಗಿ ಕಳಿಸಿದ್ದು ತಪ್ಪಲ್ಲ. ನಿನ್ನ ಸಿಟ್ಟು ಇಳಿಸಲು ಅದನ್ನೂ ತಪ್ಪೆಂದು ಬರೆಯಲಾರೆ. ಒಣ ಹೊಟ್ಟಿನ ಪೆಲೆಟ್ ಮುರಿದರೆ ಬಳಪದಂತೆ ಟಕ್ ಎನ್ನುತ್ತದೆ. ಹಸಿ ಇದ್ದರೆ ಮಷಿನ್‌ನಿಂದ ಹೊರಬರುವಾಗಲೇ ಆವಿಗೆ ಬಿರುಕು ಬಿಟ್ಟು, ಚೀಲದಲ್ಲೇ ಪುಡಿಯಾಗುತ್ತದೆ. ನಿಮ್ಮ ಹೊಟ್ಟು ಒಣಗಿದರೆ ತೊಗರಿ ಕಟ್ಟಿಗೆಯಷ್ಟೇ ಚೆನ್ನಾಗಿ ಉರಿಯುತ್ತದೆ. ಕಬ್ಬಿನ ಒಣಗರಿ ರವದಿಯ ಹಾಗೆ ಒಲೆಯಲ್ಲಿ ಬೂದಿ ಕಲ್ಲಾಗಿ ಕೂರುವುದಿಲ್ಲ.

ಹೋದ ವಾರ ತಿಕೋಟಾದ ರೊಟ್ಟಿ ಕೇಂದ್ರದ ಸಬೀರಾ ಆಪಾ ಮೂವತ್ತು ಚೀಲ ಪೆಲೆಟ್ ತಿರುಗಿ ಕಳಿಸಿದರು. ಎಲ್ಲಾ ಪುಡಿ. ಹೊಗೆಗೆ ರೊಟ್ಟಿ ಬಡಿಯುವವರು ಕಣ್ಣು ಬಿಡಲಾಗಲಿಲ್ಲವಂತೆ. ಮಷಿನ್ ಸರಿಯಾಗಿ ಕಾದಿರಲಿಲ್ಲವೆಂದು ಮಾಲೀಕ ಅಯೂಬ ಸಾಹೇಬರು ಸಿದ್ದಲಿಂಗೇಶಣ್ಣನನ್ನು ಬೈದರು. ಮಷಿನ್ ನೋಡಿಕೊಳ್ಳುವವನು ಅವನೇ. "ಇನ್ನೊಮ್ಮೆ ಹಿಂಗಾತಂದ್ರ ನೀ ಮನೀಗೆ" ಅಂದುಬಿಟ್ಟರು. ಅಂದಿನಿಂದ ಗೇಟಿನಲ್ಲಿ ನಾನು ಯಾರನ್ನೂ ಸುಮ್ಮನೆ ಬಿಡುತ್ತಿಲ್ಲ. ಆ ವಿಷಯ ಇಷ್ಟು ಸಾಕು.

ಸೋಮವಾರದೊಳಗೆ ಒಣ ಲೋಡು ಬರದಿದ್ದರೆ ನಿಮ್ಮ ಸಂಘವನ್ನು ಬಿಟ್ಟು ಕನಮಡಿಯವರನ್ನು ಹಿಡಿಯುವುದಾಗಿ ಸಾಹೇಬರು ಹೇಳಿದ್ದಾರೆ. ಐದು ಮನೆಯ ಹೆಂಗಸರ ಕೆಲಸ ಇದು. ಹೊಟ್ಟನ್ನು ಎರಡು ಬಿಸಿಲು ಹರಡು. ಮೇಲೆ ತಾಡಪತ್ರಿ ಬಿಗಿದು ತಾ, ನೀರು ಬೇಡ. ನನ್ನ ಮೇಲಿನ ಸಿಟ್ಟಿಗೆ ಮನೆಯಲ್ಲಿ ಕೂರಬೇಡ.

ಕಾಲೇಜು ಬಿಟ್ಟೆ, ಟೇಲರ್ ಅಂಗಡಿ ಬಿಟ್ಟೆ, ಮೊಬೈಲ್ ಅಂಗಡಿಯನ್ನೂ ಬಿಟ್ಟೆ. ಆಗೆಲ್ಲ ನೀನು ಮಂದಿಗೆ, "ಎಲ್ಲೂ ನಿಲ್ಲೂದಿಲ್ಲ ಖರೆ, ಸುಳ್ಳಂತೂ ಹೇಳೂದಿಲ್ಲ" ಅನ್ನುತ್ತಿದ್ದೆ. ಇಲ್ಲಿ ಎಂಟು ತಿಂಗಳು ನಿಂತಿದ್ದೇನೆ.

ನಿನ್ನ ಮಗಳು,
ರಾಜೇಶ್ವರಿ

ತಾ.ಕ.: ಹೆಸರು ಬರೆದ ಮೇಲೆ ಕಾಗದ ಮಡಿಸಲು ಕೈ ಬರಲಿಲ್ಲ. ತಿಕೋಟಾದಿಂದ ತಿರುಗಿ ಬಂದ ಪೆಲೆಟ್‌ಗೆ ಬಳಸಿದ ಹಸಿ ಮಾಲನ್ನು ಗೇಟಿನಲ್ಲಿ ಪಾಸು ಮಾಡಿದ್ದು ನಾನು. ಅಂದು ಬೇಗ ಹೊರಡುವ ಆತುರವಿತ್ತು. ಮೇಲಷ್ಟೇ ಚುಚ್ಚಿ ಹನ್ನೊಂದು ಎಂದು ಬರೆದೆ. ಸಾಹೇಬರು ಕೇಳಿದಾಗ "ಮಷಿನ್ ಕಾದಿರ್ಲಿಲ್ಲರಿ" ಅಂದವಳೂ ನಾನೇ. ಸಿದ್ದಲಿಂಗೇಶಣ್ಣ ನನ್ನ ಮುಖ ನೋಡಿ ಬೈಗುಳ ತಾನೇ ಹೊತ್ತುಕೊಂಡಿದ್ದ. ಈಗ ಹೋಗಿ ಸಾಹೇಬರಿಗೆ ಹೇಳಿ ಬಂದೆ. ಬೈಯಲಿಲ್ಲ. ಮೀಟರ್ ತೆಗೆದುಕೊಂಡು ಸಿದ್ದಲಿಂಗೇಶಣ್ಣನ ಕೈಗೆ ಕೊಟ್ಟರು. ಸೋಮವಾರ ಗೇಟಿನಲ್ಲಿ ಅವನಿರುತ್ತಾನೆ. ನಾನು ಹಮಾಲರ ಜೊತೆ ಲೋಡು ಇಳಿಸಲು ಇರುತ್ತೇನೆ. ನೀನು ಬಾ.