ಉಪವಾಸವಿಲ್ಲದ ಜೀವಕೋಶಗಳು

ಸೇಂಟ್ ಲೂಯಿಸ್
ಮಾರ್ಚ್ 11, 1993

ಪ್ರೀತಿಯ ಒಡೆಟ್,

ನನ್ನ ಅಕ್ಷರ ಕಂಡೊಡನೆ ಕಾಗದವನ್ನು ಒಲೆಗೆ ಹಾಕಬೇಡ. ನಿನ್ನ ಅಣ್ಣನ ಬೇಕರಿಯಲ್ಲಿ ಒಲೆಗೇನೂ ಬರವಿಲ್ಲ, ಗೊತ್ತು. ಕೊನೆಯವರೆಗೂ ಓದು, ಆಮೇಲೆ ನಿನ್ನಿಷ್ಟ.

ನಾನು ಪ್ರಯೋಗಾಲಯಕ್ಕೆ ಬಂದ ಹೊಸದರಲ್ಲಿ ನೀನೇ ಪಾಠ ಹೇಳಿದ್ದೆ. "ನಮ್ಮ ಹಾರ್ಮೋನು ಜೀವಕೋಶದ ಒಳಗೆ ಬರಲ್ಲ ಕಣೇ, ಬಾಗಿಲಲ್ಲೇ ನಿಲ್ಲುತ್ತೆ. ಬಾಗಿಲಲ್ಲಿರೋ ಪ್ರೊಟೀನು ಪಕ್ಕದವಳ ಭುಜ ತಟ್ಟುತ್ತೆ, ಅವಳು ಇನ್ನೊಬ್ಬಳದ್ದು. ಹಾಗೇ ಸುದ್ದಿ ನಡುಮನೆಗೆ ಹೋಗುತ್ತೆ. ಮಧ್ಯೆ ಒಬ್ಬಳು ಸುಳ್ಳೇ ತಟ್ಟಿದ್ರೂ ಒಳಗಿರೋಳು ನಂಬ್ತಾಳೆ, ಪಾಪ." ಕೇಳಿ ನಾನು ನಕ್ಕಿದ್ದೆ.

ನಮ್ಮ ಜಗಳವೂ ಅದರ ಮೇಲೆಯೇ ಆಯಿತು. ರೋಗಿಗಳ ಗೆಡ್ಡೆಯಲ್ಲಿ ಸಿಕ್ಕ, ರೂಪ ಬದಲಾದ ಬಾಗಿಲ ಪ್ರೊಟೀನು, ಹೊರಗೆ ಹಾರ್ಮೋನು ಇಲ್ಲದಿದ್ದರೆ ಸುಮ್ಮನಿರುತ್ತದೆ ಎಂದೆ ನೀನು. ಅದು ಭುಜ ತಟ್ಟಿದರೆ ಎಕ್ಸ್-ರೇ ಫಿಲ್ಮಿನ ಮೇಲೆ ಕಪ್ಪು ಪಟ್ಟಿ ಮೂಡುತ್ತದೆ; ನನ್ನ ಫಿಲ್ಮಿನಲ್ಲಿ ಹಾರ್ಮೋನು ಹಾಕದೆಯೂ ಪಟ್ಟಿ ಎದ್ದು ಕಾಣುತ್ತಿತ್ತು, ನಿನ್ನದರಲ್ಲಿ ಇರಲಿಲ್ಲ. ನಮ್ಮ ಮುಖ್ಯಸ್ಥ ಡಾಕ್ಟರ್ ಹ್ಯಾಲ್ವರ್ಸನ್ ಎಲ್ಲರೆದುರು, "ಒಡೆಟ್, ನಿನ್ನ ಕೈಗಿಂತ ಹಿಟ್ಟು ನಾದೋರ ಕೈ ವಾಸಿ" ಎಂದರು. ಹೋಗುವ ಮುನ್ನ ನೀನು ಕೇಳಿದ್ದು ಒಂದೇ: "ಕೋಶಗಳನ್ನ ಉಪವಾಸ ಇಟ್ಟಿದ್ಯಾ, ಮಾರ್ಲೀನ್?" ಹೂಂ ಎಂದೆ. ನೀನು ಪ್ರಯೋಗಾಲಯದ ಕೋಟು ಕಳಚಿಟ್ಟು ಕೆಲಸ ಬಿಟ್ಟು ಹೋದೆ.

ಈಗ ನಮ್ಮ ಲೇಖನ ಅಚ್ಚುಹಾಕಬೇಕಾದ ವಿಜ್ಞಾನ ಪತ್ರಿಕೆಯವರು ಆ ಪ್ರಯೋಗವನ್ನು ಮತ್ತೊಮ್ಮೆ ಮಾಡಿ ತೋರಿಸಿ ಎಂದಿದ್ದಾರೆ. ಹಿಂದಿನ ದಿನವೇ ಕೋಶಗಳು ಉಣ್ಣುವ ಸೀರಮ್ ತೆಗೆದು, ಅವನ್ನು ಉಪವಾಸ ಕೆಡವಿ, ಮೂರು ಸಲ ಮಾಡಿದೆ. ಹಾರ್ಮೋನು ಹಾಕದ ಕಡೆ ಮೂರು ಸಲವೂ ಫಿಲ್ಮು ಬೋಳು. ನೀನು ಹೇಳಿದ್ದೇ ಸರಿ. ಅಂದು ಉಪವಾಸ ತಪ್ಪಿರಬೇಕು. ಸೀರಮ್ಮಿನಲ್ಲೇ ಹಾರ್ಮೋನು ಇರುತ್ತದಲ್ಲ, ಅದು ಬಾಗಿಲು ತಟ್ಟಿದೆ. ಹೇಗೆ ತಪ್ಪಿತೋ ನೆನಪಿಲ್ಲ.

ಸೋಮವಾರ ಲೇಖನ ಕಳಿಸಬೇಕು. ಡಾಕ್ಟರು ದಿನಕ್ಕೆರಡು ಬಾರಿ, "ಏನಮ್ಮ, ಫಿಲ್ಮು ಎಲ್ಲಿ?" ಎನ್ನುತ್ತಾರೆ. "ಒಣಗ್ತಿದೆ ಸರ್" ಎನ್ನುತ್ತೇನೆ. ಎರಡು ವಾರದಿಂದ ಒಣಗುತ್ತಿದೆ! ಮೆಟ್ಟಿಲ ಮೇಲೆ ಅವರ ಬೂಟಿನ ಸದ್ದಾದರೆ ಕತ್ತಲೆಕೋಣೆ ಹೊಕ್ಕು ಬಾಗಿಲು ಹಾಕಿಕೊಳ್ಳುತ್ತೇನೆ. ಹೇಳಿದರೆ ನನ್ನ ಕೆಲಸ ಹೋಗುತ್ತದೆ. ಹೇಳದಿದ್ದರೆ ನಿನಗೆ ಬಂದ ಕೆಟ್ಟ ಹೆಸರು ಹಾಗೇ ಉಳಿಯುತ್ತದೆ. ನನಗೆ ತುಂಬಾ ಭಯವಾಗುತ್ತಿದೆ, ಒಡೆಟ್. ನಾಳೆ ಬೆಳಿಗ್ಗೆ ಮೂರೂ ಫಿಲ್ಮು ಅವರ ಮೇಜಿನ ಮೇಲಿಡುತ್ತೇನೆ.

ನಿನ್ನ ಗೆಳತಿ ಎನ್ನಲು ನಾಚುವ,
ಮಾರ್ಲೀನ್

ಮರೆತ ಮಾತು: ನೆನಪಿಲ್ಲ ಎಂದದ್ದು ಸುಳ್ಳು. ಜೊತೆಗಿರುವುದು ಆ ಮೊದಲ ಪ್ರಯೋಗದ ಸಮಯದ ನನ್ನ ನೋಟ್‌ಬುಕ್ಕಿನ ಹಾಳೆ: "ಸೀರಮ್ ತೆಗೆದಿಲ್ಲ. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಊರಿಗೆ ಹೋಗುವ ಬಸ್ಸಿಗೆ ಹೊತ್ತಾಯಿತು." ನೀನು ಕೋಟು ಕಳಚಿದ ದಿನವೇ ಹರಿದು ಬಚ್ಚಿಟ್ಟೆ. ಇದು ನನ್ನ ಬಳಿಯೇ ಇದ್ದರೆ ನಾಳೆ ಬೆಳಗಾಗುವುದರೊಳಗೆ ಮನಸ್ಸು ಬದಲಾದೀತು. ನಾನು ಬಾಯಿಬಿಡದಿದ್ದರೆ, ನೀನೇ ಡಾಕ್ಟರಿಗೆ ಕಳಿಸು.