ಗೇಟಿನಾಚೆಯ ಹೆಬ್ಬೆಟ್ಟು

ಜೂನ್ 3, ಮಂಗಳವಾರ

ಬೆಳಗ್ಗೆಯಿಂದ ಸರ್ವರ್ ಇಲ್ಲ. ಹನ್ನೊಂದಕ್ಕೆ ಬಂತು, ಊಟದ ಹೊತ್ತಿಗೆ ಮತ್ತೆ ಹೋಯ್ತು. ಜಗಲಿ ತುಂಬ ಚೀಲ ಹಿಡಿದವರು. ಸರ್ವರ್ ಅಂದರೆ ನಾನೇ ಅನ್ನುವ ಹಾಗೆ ನನ್ನನ್ನೇ ಬೈದರು. ಬೈಸಿಕೊಳ್ಳುವುದಕ್ಕೂ ಬಿ.ಕಾಂ ಬೇಕು ನೋಡಿ — ತೋಟದ ಮನೆಯ ಕೋಣೆಯಲ್ಲಿ ಮಾವನ ಹೆಸರಿನ ರೇಷನ್ ಅಂಗಡಿ, ಸೊಸೆಯ ಕೈಗೆ ಕಂಪ್ಯೂಟರ್.

ಕೆವೈಸಿಗೆ ಬೇರೆ ಈ ತಿಂಗಳೇ ಕೊನೆ. ಕಾರ್ಡಿನಲ್ಲಿರುವ ಪ್ರತಿಯೊಬ್ಬರೂ ಖುದ್ದಾಗಿ ಬಂದು ಹೆಬ್ಬೆಟ್ಟು ಒತ್ತಬೇಕು. ತಿಂಗಳು ಮುಗಿಯುವುದರೊಳಗೆ ಒತ್ತದಿದ್ದರೆ ಹೆಸರು ಹೋಗುತ್ತೆ ಅಂತ ಮೇಲಿನಿಂದ ಮೆಸೇಜ್. ಹೆಚ್ಚುಕಮ್ಮಿ ಎಲ್ಲರದೂ ಆಗಿದೆ. ಉಳಿದವರಲ್ಲಿ ಒಂದು ಹೆಸರು ಕಂಡಿದ್ದೇ ಸ್ಕ್ರೀನ್ ಕೆಳಗೆ ಸರಿಸಿಬಿಟ್ಟೆ. ಹುಚ್ಚಮ್ಮ. ಮಾವನ ಒಡಹುಟ್ಟಿದ ಅಕ್ಕ. ನಮ್ಮ ಗೇಟಿನೊಳಗೆ ಕಾಲಿಡುವುದಿಲ್ಲ ಅಂತ ಆಣೆ ಮಾಡಿ ಕೂತವರು.

ಜೂನ್ 5, ಗುರುವಾರ

ಬೃಂದಾ ಬಂದಿದ್ದಳು, ಹುಚ್ಚಮ್ಮತ್ತೆಯ ಸೊಸೆ. ಅವರ ಮನೆಯಲ್ಲಿ ಎಲ್ಲರದೂ ಒತ್ತಿ ಆಯ್ತು, ಮುದುಕಿಯದೊಂದೇ ಬಾಕಿ. ದೇವನೂರಿನ ಅಂಗಡಿಯಲ್ಲೂ ಒತ್ತಬಹುದು, ಆಟೋದಲ್ಲಿ ಕರ್ಕೊಂಡು ಹೋಗು ಅಂದೆ. ಅದನ್ನೂ ಹೇಳಿ ಆಯ್ತಂತೆ. ಅತ್ತೆಯ ಉತ್ತರ: "ನಮ್ಮೂರಲ್ಲಿ ನಾನು ಬದುಕಿದೀನಿ ಅಂತ ಇನ್ನೊಂದೂರಲ್ಲಿ ಹೋಗಿ ಯಾಕೆ ಹೇಳ್ಲಿ?"

ನಗು ಬಂತು. ಆಮೇಲೆ, ಎಂಥ ಮಾತು ಅನ್ನಿಸಿತು.

ಆಣೆಯ ಕಥೆ ನಾನು ಬರುವ ಮುಂಚಿನದು. ಈ ಮನೆಯ ಗೃಹಪ್ರವೇಶದ ದಿನ. ಸಂಜೆ ಹೊರಟ ಹೆಣ್ಣುಮಕ್ಕಳಿಗೆಲ್ಲ ಮಡಿಲಕ್ಕಿ ತುಂಬಿದರು. ಹುಚ್ಚಮ್ಮತ್ತೆ ಹಿತ್ತಿಲಲ್ಲಿ ಕೊನೇ ಪಂಕ್ತಿಯ ಪಾತ್ರೆ ತೊಳೆಯುತ್ತಿದ್ದರು. ಕೈ ಒರೆಸಿಕೊಂಡು ಬಂದು ಸೆರಗೊಡ್ಡುವಷ್ಟರಲ್ಲಿ ಮೊರ ಖಾಲಿ. ಮಾವ ಅಂದರಂತೆ — ನೀನು ಊರಿನೋಳೇ ಅಲ್ವೇನಕ್ಕ, ನಾಳೆ ಬಂದು ತಗೊಂಡು ಹೋಗು. ಅತ್ತೆಯನ್ನು ಕೊಟ್ಟಿದ್ದು ಇದೇ ಊರಿಗೆ, ಆಚೆ ಬೀದಿಗೆ. ದೂರದವರಿಗೆ ಅಕ್ಕಿ, ಹತ್ತಿರದವರಿಗೆ ನಾಳೆ. ಅತ್ತೆ ಸೆರಗು ಕೊಡವಿ ಗೇಟು ದಾಟಿದವರು ಮತ್ತೆ ಬರಲಿಲ್ಲ. ನನ್ನ ಗಂಡನ ತಾಯಿ ಮಾರಮ್ಮ ತೀರಿಕೊಂಡಾಗಲೂ ಗೇಟಿನ ಹೊರಗೇ ನಿಂತು ಅತ್ತು ಹೋದರಂತೆ.

ಹೆಸರು ಹೋಗುವ ವಿಷಯ ರಾತ್ರಿ ಊಟಕ್ಕೆ ಬಡಿಸುವಾಗ ಮಾವನಿಗೆ ಹೇಳಿದೆ. ಮುದ್ದೆ ಅರ್ಧಕ್ಕೇ ಬಿಟ್ಟು ಎದ್ದರು.

ಜೂನ್ 6, ಶುಕ್ರವಾರ

ಬೆಳಗ್ಗೆ ಕಾಫಿ ಕೊಡುವಾಗ ಮಾವ ಕೇಳಿದರು, "ಆ ಹೆಬ್ಬೆಟ್ಟಿನ ಮಿಷನ್ ವೈರು ಎಷ್ಟು ದೂರ ಹೋಗ್ತದಮ್ಮಾ?"

ಮೇಜಿನ ಅಂಚಿನವರೆಗೆ ಅಂದೆ. ಗೇಟಿನ ತನಕ ಹೋಗ್ಬೇಕಲ್ಲ ಅಂದರು. ಯಾಕೆ ಅಂತ ನಾನು ಕೇಳಲಿಲ್ಲ. ಅವರೇ ಹೇಳಿದರು — ಊರಿನ ಮುದುಕರು ತೋಟದ ದಾರೀಲಿ ನಡಕೊಂಡು ಬರೋದು ಕಷ್ಟ, ಅವರಿಗೆ ಅನುಕೂಲ ಆಗ್ಲಿ ಅಂತ. ಆಹಾ! ಇಷ್ಟು ವರ್ಷ ಇದೇ ಮುದುಕರು ಇದೇ ದಾರಿಯಲ್ಲಿ ನಡೆದು ಬಂದರು.

ಕಂಪ್ಯೂಟರನ್ನೇ ಗೇಟಿಗೆ ಒಯ್ಯುವ ಮಾತಿಲ್ಲ. ಅದೂ ಮುದುಕ. ಹಿಂದೊಮ್ಮೆ ಜಗಲಿಗೆ ತಂದಿದ್ದಕ್ಕೆ ವಾರ ಮಲಗಿತ್ತು. ಇಂಟರ್ನೆಟ್ ಡಬ್ಬಿ ಒಳಗೋಡೆಗೆ ಮೊಳೆ ಹೊಡೆದು ಕೂತಿದೆ. ತೋಟದಲ್ಲಿ ಮೊಬೈಲ್ ಸಿಗ್ನಲ್ ತೆಂಗಿನ ತುದಿಗೆ ಹತ್ತಿದರೆ ಮಾತ್ರ.

ಕಡೂರಿನ ಕಂಪ್ಯೂಟರ್ ಅಂಗಡಿಯ ಮುಜಾಹಿದ್‌ಗೆ ಫೋನ್ ಮಾಡಿದೆ. ನಮ್ಮ ರೇಷನ್ ಡಿಪೋ ಕಂಪ್ಯೂಟರಿನ ಡಾಕ್ಟರ್. ಯುಎಸ್‌ಬಿ ಎಕ್ಸ್‌ಟೆಂಡರ್ ಅಂತ ಬರುತ್ತಕ್ಕಾ, ತರಿಸಿಕೊಡ್ತೀನಿ, ನಾಳೆ ಬಕ್ರೀದ್, ತರೀಕೆರೆಗೆ ಮನೆಗೆ ಹೋಗ್ತಿದೀನಿ, ಹಬ್ಬ ಮುಗಿಸಿ ಬರ್ತೀನಿ ಅಂದ.

ಜೂನ್ 11, ಬುಧವಾರ

ಬಂತು. ಬಸ್ಸಿನಲ್ಲಿ ಕಳಿಸಿದ್ದ. ಎರಡು ಪುಟ್ಟ ಕಪ್ಪು ಡಬ್ಬಿ, ಒಂದು ಸುತ್ತು ಕೇಬಲ್. ಒಂದು ಡಬ್ಬಿ ಕಂಪ್ಯೂಟರ್ ಪಕ್ಕ, ಇನ್ನೊಂದು ಗೇಟಿನ ಹತ್ತಿರ ಕರೆಂಟಿಗೆ, ನಡುವೆ ಕೇಬಲ್. ಆ ತುದಿಗೆ ಹೆಬ್ಬೆಟ್ಟಿನ ಮಿಷನ್ ಚುಚ್ಚಿದರೆ ಕಂಪ್ಯೂಟರ್‌ಗೆ ಅದು ಮಗ್ಗುಲಲ್ಲೇ ಇದ್ದ ಹಾಗೆ. ಮುಟ್ಟಿ ನೋಡಿದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದಪ್ಪ. ಇಷ್ಟು ಚಿಕ್ಕದು ಒಂದು ಜೀವದ ಬೆರಳನ್ನು ತೋಟ ದಾಟಿಸುತ್ತಾ? ಯಾರ ತಲೆಗೆ ಹೊಳೆಯಿತೋ, ಅವರ ಹೊಟ್ಟೆ ತಣ್ಣಗಿರಲಿ.

ಮೊದಲ ಪೂಜೆ ನನ್ನ ಗಂಡನಿಂದ. ಅಭಿಲಾಷ್ ಕೇಬಲ್ ತಂದು ಇಂಟರ್ನೆಟ್ ಡಬ್ಬಿಗೆ ಚುಚ್ಚಿದರು. ತೂತು ಸರಿಹೋಯ್ತಲ್ಲ ಅಂತ. ಮುಜಾಹಿದ್ ಫೋನಿನಲ್ಲೇ ತಲೆ ಚಚ್ಚಿಕೊಂಡ. ಈ ಎರಡು ಡಬ್ಬಿ ಒಂದಕ್ಕೊಂದು ಮಾತ್ರ ಮಾತಾಡ್ತವೆ, ನಡುವೆ ಮೂರನೆಯವರು ಬರಬಾರದು ಅಂದ. ನಮ್ಮನೆ ಅಕ್ಕ ತಮ್ಮನಿಗೂ ಇದನ್ನೇ ಹೇಳಬೇಕು.

ಜೂನ್ 13, ಶುಕ್ರವಾರ

ಕೇಬಲ್ ಎಳೆಯುವ ಕೆಲಸ ಮಾವ ಯಾರಿಗೂ ಬಿಡಲಿಲ್ಲ. ಪಂಚೆ ಎತ್ತಿ ಕಟ್ಟಿ, ತೆಂಗಿನಮರದಿಂದ ಮರಕ್ಕೆ, ಪಂಪ್‌ಸೆಟ್ ವೈರು ಎಳೆದ ಹಾಗೇ, ಪ್ರತಿ ಮರಕ್ಕೂ ಒಂದು ಸುತ್ತು. ನೇರ ಎಳೀರಿ ಮಾವ ಅಂದೆ. ಗಾಳಿಗೆ ಕಿತ್ತೋಗ್ತದೆ ಸುಮ್ನಿರು ಅಂದರು.

ಕರೆಂಟ್ ಕೊಟ್ಟೆವು. ಡಬ್ಬಿಯ ಮೇಲೆ ಲಿಂಕ್ ದೀಪ ಮಿಣಮಿಣ. ಕಂಪ್ಯೂಟರ್ ಸಿಕ್ಕಿತು ಅಂತ ಹೇಳುವ ಹೋಸ್ಟ್ ದೀಪ ಹತ್ತಲೇ ಇಲ್ಲ. ಸ್ಕ್ರೀನಿನಲ್ಲಿ — ಯುಎಸ್‌ಬಿ ಡಿವೈಸ್ ನಾಟ್ ರೆಕಗ್ನೈಸ್ಡ್. ಗುರುತು ಸಿಗಲಿಲ್ಲವಂತೆ. ಹತ್ತು ಸಲ ತೆಗೆದು ಚುಚ್ಚಿದೆ. ಗುರುತಿಲ್ಲ.

ಮಾವ ಗೇಟಿನ ಕಲ್ಲುಬೆಂಚಿನ ಮೇಲೆ ಕೂತೇ ಇದ್ದರು. ಕತ್ತಲಾಗುವ ತನಕ.

ಜೂನ್ 17, ಮಂಗಳವಾರ

ಮೂರು ದಿನ ಬರೆಯಲಿಲ್ಲ. ಬರೆಯುವಂಥದ್ದೂ ಇರಲಿಲ್ಲ.

ಇವತ್ತು ಮುಜಾಹಿದ್ ಬಂದ. ಕೇಬಲ್ ಹಿಡಿದು ಮರ ಮರ ನೋಡುತ್ತ ಹೋದ. ಗೇಟಿಗೆ ಇನ್ನೊಂದು ಮರ ಇದೆ ಅನ್ನುವಾಗ ನಿಂತ. ಅಲ್ಲಿ ನೇತಾಡುತ್ತಿತ್ತು ಒಂದು ಖಾಲಿ ನೀರಿನ ಬಾಟಲಿ. ಅದರೊಳಗೆ ಜಾಯಿಂಟ್! ಮರಕ್ಕೆ ಸುತ್ತು ಹಾಕಿ ಹಾಕಿ ಕೇಬಲ್ ಸಾಲದೆ ಹೋಗಿದೆ. ಮಾವ ಯಾರಿಗೂ ಹೇಳದೆ, ಅಟ್ಟದಲ್ಲಿದ್ದ ಹಳೇ ಇಂಟರ್ನೆಟ್ ವೈರಿನ ತುಂಡು ತಂದು, ಒಳಗಿನ ಎಂಟು ಎಳೆಗಳನ್ನೂ ಬಣ್ಣಕ್ಕೆ ಬಣ್ಣ ಸೇರಿಸಿ ತಿರುಚಿ, ಟೇಪ್ ಸುತ್ತಿ, ಮಳೆ ತಾಗದಿರಲಿ ಅಂತ ಬಾಟಲಿ ತೊಡಿಸಿದ್ದಾರೆ. ಬೋರ್‌ವೆಲ್ ಊರಿನಲ್ಲಿ ಜಾಯಿಂಟ್ ಇಲ್ಲದ ವೈರು ಯಾರು ಕಂಡಿದ್ದಾರೆ?

ಮುಜಾಹಿದ್ ನಗಲಿಲ್ಲ. ಬಾಟಲಿ ಬಿಚ್ಚಿ ನೋಡಿ, ಎಷ್ಟು ಚೆನ್ನಾಗಿ ಕೂಡಿಸಿದೀರಿ ಯಜಮಾನರೇ ಅಂದ. ಆದರೆ ಇದಕ್ಕೆ ಜಾಯಿಂಟ್ ಆಗಲ್ಲ, ತುದಿಯಿಂದ ತುದಿಗೆ ಒಂದೇ ಎಳೆ ಇರಬೇಕು ಅಂದ. ಮಾವನ ಮುಖ ಸಣ್ಣದಾಯಿತು. ನನಗಂತೂ ಆ ಬಾಟಲಿ ಕಂಡು ಕಣ್ಣು ತುಂಬಿತು. ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುವ ಮನುಷ್ಯ ಆ ಕೂದಲಿನಂಥ ಎಳೆಗಳನ್ನು ಹೇಗೆ ಕೂಡಿಸಿದರು? ಯಾರಿಗೋಸ್ಕರ ಅಂತ ಬಾಯಿಬಿಟ್ಟು ಹೇಳದವರು ಕೈಯಲ್ಲಿ ಎಲ್ಲ ಹೇಳಿದ್ದರು.

ಮರದಿಂದ ಬಿಚ್ಚಿ ನೇರ ಹಿಡಿದರೆ ಅದೇ ಕೇಬಲ್ ಗೇಟಿಗೆ ಸಾಕಾಗಿ ಮಿಕ್ಕಿತು. ಆಮೇಲೆ ಮಾವನೇ ದಾರಿ ಹೇಳಿದರು: ತೋಟದಲ್ಲಿ ಬಿದ್ದಿದ್ದ ಹಳೇ ಡ್ರಿಪ್ ಪೈಪಿನೊಳಗೆ ಕೇಬಲ್ ತೂರಿಸಿ, ದಾರಿ ಪಕ್ಕ ಹೂತರೆ ಇಲಿಯೂ ಇಲ್ಲ, ಮಳೆಯೂ ಇಲ್ಲ. ಇದು ನನಗೂ ಹೊಳೆದಿರಲಿಲ್ಲ ಅಂದ ಮುಜಾಹಿದ್. ಅಭಿ ಅಗೆದರು, ಇವರಿಬ್ಬರು ತೂರಿಸಿದರು.

ಸಂಜೆ ಚುಚ್ಚಿದೆವು. ಲಿಂಕ್. ಹೋಸ್ಟ್. ಎರಡೂ ಹಸಿರು. ಗೇಟಿನಲ್ಲಿ ಕೋಲೂರಿ ನಿಂತಿದ್ದ ಬೆನಕಪ್ಪಜ್ಜ ಹೆಬ್ಬೆಟ್ಟು ಒತ್ತಿದರು. ಇಲ್ಲಿ ಕೋಣೆಯಲ್ಲಿ, ನನ್ನ ಎದುರಿಗೆ, ಅವರ ಬೆರಳಿನ ಗೆರೆ ಮೂಡಿತು. ಮುಜಾಹಿದ್ ತರೀಕೆರೆ ಟ್ರೈನು ತಪ್ಪಿಸಿಕೊಂಡ, ಬೇಜಾರೂ ಮಾಡಿಕೊಳ್ಳಲಿಲ್ಲ.

ಜೂನ್ 19, ಗುರುವಾರ

ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ಮಿಷನ್ ನಿದ್ದೆ ಹೋಗುತ್ತಿತ್ತು. ಮುಜಾಹಿದ್ ಫೋನಿನಲ್ಲಿ ಹೇಳಿಕೊಟ್ಟ — ಕರೆಂಟ್ ಉಳಿಸಲು ಕಂಪ್ಯೂಟರೇ ಅದನ್ನು ಮಲಗಿಸುತ್ತೆ, ಸೆಟ್ಟಿಂಗ್‌ನಲ್ಲಿ ಆ ಟಿಕ್ ಗುರುತು ತೆಗೀರಿ ಅಂತ. ತೆಗೆದೆ. ಈಗ ಗೇಟಿನಲ್ಲಿ ಸದಾ ಎಚ್ಚರ. ಕಾಯುತ್ತಾ ಕೂತಿದೆ, ಮಾವನ ಹಾಗೆ.

ಜೂನ್ 20, ಶುಕ್ರವಾರ

ಹುಚ್ಚಮ್ಮತ್ತೆ ಗೇಟಿನ ಮುಂದೆ ಹಾದು ಹೋದರಂತೆ. ನಿಂತು ನೋಡಿ, ಸುಮ್ಮನೆ ಹೋದರಂತೆ. ಸಂಜೆ ಬೃಂದಾ ಕೈಲಿ ಮಾತು ಕಳಿಸಿದರು — ಊರಿಗೆಲ್ಲ ಅಂತ ಹಾಕ್ಸಿದ್ರೆ ಊರೋರು ಒತ್ಲಿ. ನಂಗೆ ಅಂತ ಹಾಕ್ಸಿದ್ರೆ ಅವನೇ ಬಂದು ಹೇಳ್ಲಿ.

ಸರಿಯಾದ ಮಾತು. ಮತ್ತೆ "ಊರಿನೋಳು" ಅನ್ನಿಸಿಕೊಳ್ಳಲು ಅವರು ತಯಾರಿಲ್ಲ. ಮಾವನಿಗೆ ಹೇಳಿದೆ. ಕೇಳಿಸಿಕೊಂಡು ಎಲೆ ಅಡಿಕೆ ಹಾಕಿಕೊಂಡರು.

ಜೂನ್ 25, ಬುಧವಾರ

ಇಲ್ಲ. ಹೇಳಿಲ್ಲ. ತಂತಿ ತೋಟ ದಾಟಿತು, ಮಾತು ಬೀದಿ ದಾಟಲಿಲ್ಲ. ಕೆವೈಸಿ ಬಾಕಿ ಇರುವುದು ಊರಿಗೆಲ್ಲ ಒಂದೇ ಹೆಸರು. ಕೋಪ ಬಂದು ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಮಾವ ಅದನ್ನೇ ಉಂಡು ಎದ್ದರು.

ಜೂನ್ 28, ಶನಿವಾರ. ಸಂಜೆ

ಎಲ್ಲ ಬರೆಯಬೇಕು, ಮರೆಯುವ ಮುಂಚೆ.

ಬೆಳಗ್ಗೆ ಮಾವ ಬಿಳಿ ಶರ್ಟು ಹಾಕಿದರು. ಕಡೂರಿಗಾ ಅಂದೆ. ಅಲ್ಲ ಅಂದರು. ಹೋಗಿ ಅಕ್ಕನ ಮನೆಯ ಹೊರಗೆ ನಿಂತರಂತೆ. ಒಳಗೆ ಕರೆದರೂ ಹೋಗಲಿಲ್ಲವಂತೆ, ನೀನು ಬರದಿರೋವಾಗ ನಾನು ಹ್ಯಾಗೆ ಬರ್ಲಿ ಅಂತ. ಆಮೇಲೆ ಬೀದಿಯವರೆಲ್ಲ ಕೇಳುವ ಹಾಗೆ ಹೇಳಿದರಂತೆ, "ಅಕ್ಕ, ಅದು ನಿಂಗೋಸ್ಕರಾನೇ ಹಾಕ್ಸಿದ್ದು. ಊರಿಗಲ್ಲ." ಬೃಂದಾ ಇದನ್ನು ಹೇಳುವಾಗ ಅಳುತ್ತಿದ್ದಳು. ಭೇಷ್ ಮಾವ. ಕೈ ಮುಗಿದೆ ಮನಸ್ಸಿನಲ್ಲೇ.

ಹತ್ತು ಗಂಟೆಗೆ ಅತ್ತೆ ಬಂದರು. ನಾನು ಕೋಣೆಯಲ್ಲಿ ಕಂಪ್ಯೂಟರ್ ಮುಂದೆ, ಅಭಿ ಗೇಟಿನಲ್ಲಿ. ಇಲ್ಲಿಂದ ಕೂಗು ಹಾಕಬೇಕು, ಅಲ್ಲಿಂದ ಉತ್ತರ. ಹೆಬ್ಬೆಟ್ಟು ಒತ್ತಿದರು — ಹೊಂದಲಿಲ್ಲ. ಇನ್ನೊಂದು — ಇಲ್ಲ. ಊರವರಿಗೆಲ್ಲ ತೆಂಗಿನಗರಿ ಸೀಳಿ ಪೊರಕೆ ಕಟ್ಟಿಕೊಟ್ಟ ಕೈ, ಗೆರೆಯೆಲ್ಲ ಸವೆದಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಅಂತ ಕೂಗಿದೆ. ಒಂದೊಂದೇ ಬೆರಳು. ಇಲ್ಲಿ ನನಗೆ ಕಾಣುತ್ತಿದ್ದಿದ್ದು ಅವರ ಮುಖವಲ್ಲ, ಬರೀ ಬೆರಳು. ಎಡಗೈಯ ಉಂಗುರದ ಬೆರಳು ಇಟ್ಟಾಗ ಗೆರೆ ನಿಚ್ಚಳವಾಗಿ ಮೂಡಿತು. ಹಸಿರು. ಹುಚ್ಚಮ್ಮ, ಕೆವೈಸಿ ಆಯಿತು.

ಓಡಿದೆ ಗೇಟಿಗೆ.

ಅತ್ತೆ ಹೊರಗೆ, ಮಾವ ಒಳಗೆ. ನಡುವೆ ತೆರೆದ ಗೇಟು. ಬೃಂದಾ ಈ ತಿಂಗಳ ಅಕ್ಕಿಗೆ ಚೀಲ ಚಾಚಿದಳು. ಅತ್ತೆ ಆ ಚೀಲ ಪಕ್ಕಕ್ಕೆ ಸರಿಸಿ ತಮ್ಮ ಸೆರಗು ಹಿಡಿದರು. ಎರಡೂ ಕೈಯಲ್ಲಿ. ಮಾವನನ್ನೇ ನೋಡುತ್ತ, "ಮುತ್ತೈದೆಯಾಗಿದ್ದಾಗ ಕೊಡ್ಲಿಲ್ಲ. ಈಗ ಕೊಡ್ತೀಯೇನೋ?" ಅಂದರು.

ಅತ್ತೆಯ ಯಜಮಾನರು ಹೋಗಿ ಆರು ವರ್ಷ. ಗಂಡ ಹೋದವರಿಗೆ ಮಡಿಲಕ್ಕಿ ನಮ್ಮಲ್ಲಿ ಇಲ್ಲ.

"ತವರು ಕೊಡೋದು ಮಗಳಿಗೆ ಕಣಕ್ಕ, ಮುತ್ತೈದೆಗಲ್ಲ," ಅಂದರು ಮಾವ. ನನ್ನ ಕಡೆ ತಿರುಗಿ, "ಡಿಪೋ ಅಕ್ಕಿ ಅಲ್ಲ. ಮನೇದು ತಗೊಂಬಾರಮ್ಮ, ಮೊರದಲ್ಲಿ."

ಮೊರದಲ್ಲಿ ಅಕ್ಕಿ, ಬೆಲ್ಲದಚ್ಚು, ಕೊಬ್ಬರಿ ಬಟ್ಟಲು, ವೀಳ್ಯದೆಲೆ. ಕುಂಕುಮದ ಬಟ್ಟಲಿಗೆ ಕೈ ಹಾಕಿ ಹಿಂದೆ ತೆಗೆದೆ, ಮತ್ತೆ ಹಾಕಿ ಅದನ್ನೂ ಇಟ್ಟೆ. ಬೇಡ ಅಂದರೆ ಅವರೇ ಅನ್ನಲಿ. ಅನ್ನಲಿಲ್ಲ. ಗೇಟಿನ ಒಳಗೆ ನಿಂತು ಹೊರಗಿದ್ದ ಸೆರಗಿಗೆ ಹಿಡಿಹಿಡಿಯಾಗಿ ತುಂಬಿದೆ. ಅತ್ತೆ ಅಳಲಿಲ್ಲ. ಎಷ್ಟು ಬೀಳುತ್ತೆ ಅಂತ ಅಕ್ಕಿಯನ್ನೇ ನೋಡುತ್ತಿದ್ದರು, ಬಾಕಿ ವಸೂಲಿ ಮಾಡುವವರ ಹಾಗೆ. ಅವರನ್ನು ಎಷ್ಟು ಮೆಚ್ಚಿದೆನೋ ಆ ಗಳಿಗೆಯಲ್ಲಿ.

ಇನ್ನೇನು ಹೊರಡಬೇಕು, ಬೃಂದಾಗೆ ನೆನಪಾಯಿತು. ಮಡಿಲು ತುಂಬಿಸಿಕೊಂಡವಳು ಅದರಲ್ಲಿ ಒಂದು ಹಿಡಿ ತವರಿನ ದೇವರ ಮುಂದೆ ಬಿಟ್ಟು ಹೋಗಬೇಕು, ತವರು ಬರಿದಾಗಬಾರದು ಅಂತ. ನಾನು ತಕ್ಷಣ ಬೊಗಸೆ ಒಡ್ಡಿದೆ. ಆಣೆ ಇದೆಯಲ್ಲ. ನನ್ನ ಕೈಗೆ ಹಾಕಿ ಅತ್ತೆ, ನಾನು ದೇವರ ಮನೆಯಲ್ಲಿ ಇಟ್ಟು ಬರ್ತೀನಿ ಅಂದೆ.

ಅತ್ತೆ ನನ್ನ ಬೊಗಸೆ ನೋಡಿದರು. ಮಾವನನ್ನು ನೋಡಿದರು. ನೆಲದಲ್ಲಿ ಡ್ರಿಪ್ ಪೈಪು ಹೂತ ಹಸಿ ಮಣ್ಣಿನ ಗೆರೆ, ಗೇಟಿನಿಂದ ಮನೆಯವರೆಗೆ ನೇರ ಹೋಗಿರುವುದು, ಅದನ್ನೂ ನೋಡಿದರು. "ಅದು ಮಗಳೇ ಹಾಕ್ಬೇಕು ಕಣೇ," ಅಂದರು. ಚಪ್ಪಲಿ ಗೇಟಿನ ಹೊರಗೆ ಬಿಟ್ಟರು. ಆಮೇಲೆ —

ಅಡುಗೆಮನೆಯಿಂದ ಕೂಗುತ್ತಿದ್ದಾರೆ. ಪಾಯಸಕ್ಕೆ ಬೆಲ್ಲ ಯಾವ ಡಬ್ಬದಲ್ಲಿದೆಯೇ ಅಂತ. ಪಾಪ, ಈ ಮನೆಯ ಡಬ್ಬಗಳು ಅವರಿಗೆ ಹೇಗೆ ಗೊತ್ತಿರಬೇಕು. ಬಂದೆ ಅತ್ತೆ, ಎರಡನೇ ಸಾಲಿನ